ಕಲ್ಲು ಓದಲು ಹೊರಟ ಮಕ್ಕಳಿಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಸಾಸ್ವೆಹಳ್ಳಿ ಹೋಬಳಿಯ ಮನೆಮನೆಯಲ್ಲೂ ಒಂದೇ ಮಾತು: ಮುಂದೇನು? ಅಂಕ ಚೆನ್ನಾಗಿ ತೆಗೆದವರಿಗೆ ದಾರಿಯನ್ನು ಊರೇ ತೋರಿಸುತ್ತದೆ. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಉಳಿದವರು ಹೊನ್ನಾಳಿಗೋ ಶಿವಮೊಗ್ಗಕ್ಕೋ ಹೋಗಿ, ಸಿಕ್ಕಿದ ಕಾಂಬಿನೇಷನ್ ಹಿಡಿದುಕೊಂಡು ಬರುತ್ತಾರೆ. ಹೀಗೆ ಸಿಕ್ಕಿದ್ದೆಂದು ಹಿಡಿದುಕೊಂಡು ಬರುವ ವಿಷಯಗಳಲ್ಲಿ ಇತಿಹಾಸ ಮೊದಲನೆಯದು. ಭೂವಿಜ್ಞಾನ, ಅಂದರೆ ನೀವು ಜಿಯಾಲಜಿ ಎನ್ನುವುದು, ಪದವಿಯಲ್ಲಿ ಓದಲು ಇದೆ ಎಂಬುದೇ ನಮ್ಮ ಕಡೆ ಬಹಳ ಮಂದಿಗೆ ತಿಳಿದಿಲ್ಲ. ಈ ಎರಡರ ಬಗ್ಗೆಯೇ ನಿಮ್ಮಲ್ಲಿ ನಾಲ್ಕು ಮಾತು ಆಡಬೇಕು. ಹೋಬಳಿಯಲ್ಲಿ ವಯಸ್ಸಾದವನು ಹೇಳುತ್ತಿದ್ದೇನೆ, ಸ್ವಲ್ಪ ಕೂತು ಕೇಳಿ.

ತಂಗಿ, ತಮ್ಮ, ಇವೆರಡೂ ನೆಲವನ್ನು ಓದುವ ವಿದ್ಯೆಗಳು. ಒಂದನ್ನು ಆರಿಸಿಕೊಂಡವರು ಇನ್ನೊಂದರ ಅಕ್ಷರಾಭ್ಯಾಸವನ್ನಾದರೂ ಮಾಡಿಕೊಳ್ಳಲೇಬೇಕು. ಯಾವುದನ್ನೇ ಓದಿದರೂ ಕೊಠಡಿಯೊಳಗೆ ಕೂತು ಮುಗಿಸಬೇಡಿ. ನೀವು ಹುಟ್ಟಿದ ಸೀಮೆ ಈ ಎರಡೂ ವಿದ್ಯೆಗಳಿಗೆ ಒದಗಿ ಬರುವಂಥದ್ದು; ಬೆಂಗಳೂರಿನ ಹುಡುಗರಿಗೆ ಬಸ್ಸು ಮಾಡಿಕೊಂಡು ಬಂದು ನೋಡಬೇಕಾದದ್ದು ನಿಮಗೆ ಹೊಲದ ಬದುವಿನಲ್ಲಿದೆ.

ಸೂಳೆಕೆರೆಯನ್ನೇ ತೆಗೆದುಕೊಳ್ಳಿ. ಚನ್ನಗಿರಿ ತಾಲ್ಲೂಕಿನ ಆ ಶಾಂತಿಸಾಗರವನ್ನು ನೋಡದ ಮಕ್ಕಳು ನಿಮ್ಮಲ್ಲಿ ಇಲ್ಲ. ಅದನ್ನು ಕಟ್ಟಿಸಿದಳೆನ್ನುವ ಶಾಂತವ್ವೆಯ ಕತೆ ಅಜ್ಜಿಯರಿಂದ ಕೇಳಿದ್ದೀರಿ. ಆದರೆ ಏರಿಯ ಮೇಲೆ ನಿಂತು ಒಮ್ಮೆ ಯೋಚಿಸಿ: ಕಣ್ಣು ಹಾಯುವವರೆಗೂ ನೀರಿರುವ ಇಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಏಕೆ ಇಷ್ಟು ಮೋಟು? ಗಟ್ಟಿ ಕಲ್ಲಿನ ಗುಡ್ಡದ ಸಾಲನ್ನು ಹಳ್ಳ ಕೊರೆದು ಹೊರಬರುವ ಕಿರಿದಾದ ಕಣಿವೆಯನ್ನು ಹುಡುಕಿ, ಸರಿಯಾಗಿ ಅಲ್ಲೇ ಅಡ್ಡಗಟ್ಟಿದ್ದಾರೆ. ಉಳಿದ ಕಟ್ಟೆಯನ್ನೆಲ್ಲ ಗುಡ್ಡವೇ ಕಟ್ಟಿಕೊಟ್ಟಿದೆ. ಶತಮಾನಗಳ ಹಿಂದೆ ಆ ಜಾಗ ಗೊತ್ತು ಮಾಡಿದವರಿಗೆ ಭೂವಿಜ್ಞಾನದ ಪದವಿ ಇರಲಿಲ್ಲ, ನೆಲದ ಜ್ಞಾನ ಇತ್ತು. ಇತಿಹಾಸದ ವಿದ್ಯಾರ್ಥಿ 'ಯಾರು ಕಟ್ಟಿಸಿದರು, ಯಾವಾಗ' ಎಂದು ಕೇಳುತ್ತಾನೆ. ಭೂವಿಜ್ಞಾನದ ವಿದ್ಯಾರ್ಥಿನಿ 'ಇಲ್ಲೇ ಏಕೆ' ಎಂದು ಕೇಳುತ್ತಾಳೆ. ಎರಡನ್ನೂ ಕೇಳಿದಾಗಲೇ ಕೆರೆ ಅರ್ಥವಾಗುವುದು. ಚಿತ್ರದುರ್ಗದ ಪೇಟೆಗೆ ಕುಡಿಯುವ ನೀರು ಹೋಗುತ್ತಿರುವುದು ಆ ಕೆರೆಯಿಂದಲೇ ಎಂಬುದನ್ನೂ ನೆನಪಿಡಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಇದೇ ಪ್ರಶ್ನೆ ಹಾಕಬಹುದು. 1923ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, ವಿಶ್ವೇಶ್ವರಯ್ಯನವರ ಕನಸು ಅದು ಎಂದು ಪಾಠದಲ್ಲಿ ಓದಿದ್ದೀರಿ. ಆದರೆ ಬೇರೆಲ್ಲೂ ಅಲ್ಲದೆ ಭದ್ರಾವತಿಯಲ್ಲೇ ಏಕೆ? ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಭದ್ರೆಯ ನೀರು, ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಇದ್ದಿಲು ಸುಡಲು ಮಲೆನಾಡಿನ ಕಾಡು. ಈ ಲೆಕ್ಕ ತಿಳಿಯದೆ ದಿವಾನರ ಹೆಸರು, ಇಸವಿ ಉರು ಹೊಡೆದರೆ ಪರೀಕ್ಷೆಯಲ್ಲಿ ಪಾಸಾಗಬಹುದು, ಅಷ್ಟೇ.

ಎರಡು ವಿದ್ಯೆಯನ್ನೂ ಒಬ್ಬನೇ ಹೊತ್ತು ನಡೆದದ್ದುಂಟೇ ಎಂದು ಕೇಳಿದರೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಹೆಸರನ್ನು ಹೇಳುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದವನು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಜಲ್ಲಿ ಗುಂಡಿಯಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ನೋಡಿ, ಇದು ತಾನಾಗಿ ಒಡೆದದ್ದಲ್ಲ, ಮನುಷ್ಯನ ಕೈ ಮಾಡಿದ ಕೊಡಲಿ ಎಂದು ಗುರುತಿಸಿದ. ಈ ದೇಶದ ಪ್ರಾಗಿತಿಹಾಸದ ಅಧ್ಯಯನ ಶುರುವಾಗುವುದು ಆ ಕಲ್ಲಿನಿಂದ. ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಗುಡ್ಡಗಳ ಶಿಲೆಗಳನ್ನು ಇಂದು ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹ ಎಂದು ಕರೆಯುತ್ತಾರಲ್ಲ, 1880ರ ದಶಕದಲ್ಲಿ ಆ ಹೆಸರಿಟ್ಟವನೂ ಅವನೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಮೊದಲ ಮುಖ್ಯಸ್ಥನಾಗಿ ಬಂದವನೂ ಅವನೇ. ಕಲ್ಲು ನೋಡಲು ಹೋದಾಗ ಮನುಷ್ಯನ ಗುರುತನ್ನೂ ನೋಡಿದ. ಅದಕ್ಕೇ ಅವನ ಹೆಸರು ಎರಡು ವಿದ್ಯೆಗಳ ಪುಸ್ತಕಗಳಲ್ಲೂ ಇದೆ.

ಅವನು ತಲೆಕೆಡಿಸಿಕೊಂಡ ಒಂದು ಪ್ರಶ್ನೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಳ್ಳಾರಿ ಕಡೆ, ಕುಡತಿನಿಯಂಥ ಊರುಗಳ ಹತ್ತಿರ ದೊಡ್ಡ ದೊಡ್ಡ ಬೂದಿಗುಡ್ಡೆಗಳಿವೆ. ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದರು. ಕಬ್ಬಿಣ ಕರಗಿಸಿದ ಕಿಟ್ಟ ಎಂದವರಿದ್ದರು, ಇನ್ನೂ ಏನೇನೋ ಊಹೆಗಳಿದ್ದವು. ಫೂಟ್ ಅದನ್ನು ಹಿಂದಿನ ಕಾಲದ ದನಗಾಹಿಗಳ ಸಗಣಿ ಸುಟ್ಟ ಬೂದಿ ಎಂದು ಭಾವಿಸಿದ. ವಾದ ಬಹುಕಾಲ ನಡೆಯಿತು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥ ಗುಡ್ಡೆಯೊಂದನ್ನು ಅಗೆದಾಗ ಒಳಗೆ ದೊಡ್ಡಿಯ ಕಂಬ ನೆಟ್ಟ ಗುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕವು. ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳು ಅವು. ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಝೊಯ್ನರ್ ಕೂಡ ಅದು ಸಗಣಿಯದೇ ಎಂದು ತೋರಿಸಿದರು. ನೋಡಿ, ಒಂದು ಅಕ್ಷರವೂ ಬರೆದಿಡದ ಜನರ ಬಾಳು ಬೂದಿಯ ಪರೀಕ್ಷೆಯಿಂದ, ಮಣ್ಣಿನ ಪದರಗಳನ್ನು ತಾಳ್ಮೆಯಿಂದ ಬಿಡಿಸಿದ್ದರಿಂದ ತಿಳಿಯಿತು. ಇದಕ್ಕೆ ಇತಿಹಾಸ ಓದಿದವರು ಸಾಲರು, ಭೂವಿಜ್ಞಾನ ಓದಿದವರೂ ಸಾಲರು.

ಜಗಳೂರಿನ ಆಚೆ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲೂ ಇದೇ ಕೆಲಸ ನಡೆದದ್ದು. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಜಾಗದಲ್ಲಿ ಅಗೆಸಿ, ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಯ ಜನ, ಅವರ ಮೇಲೆ ಶಾತವಾಹನರ ಕಾಲದವರು ಎಂದು ಪದರ ಪದರವಾಗಿ ಕಾಲಕ್ರಮ ಹಚ್ಚಿದರು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಈ ನಿಯಮವನ್ನು ಪುರಾತತ್ತ್ವ ಶಾಸ್ತ್ರ ಪಡೆದದ್ದು ಭೂವಿಜ್ಞಾನದಿಂದ.

ಗುಡಿಗಳನ್ನು ನೋಡುವಾಗಲೂ ಕೈಯಿಂದ ಕಲ್ಲು ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬಾದಾಮಿ, ಪಟ್ಟದಕಲ್ಲಿನಲ್ಲಿ ಕೆಂಪು ಮರಳುಗಲ್ಲು. ಹನ್ನೊಂದನೆಯ ಶತಮಾನಕ್ಕೆ ಬಂದರೆ ಬಳ್ಳಿಗಾವಿಯಲ್ಲಿ, ಆಮೇಲೆ ಬೇಲೂರು ಹಳೇಬೀಡಿನಲ್ಲಿ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲು ಸಿಗದಿದ್ದರೆ ಕಂಬಗಳಿಗೆ ಆ ಹೊಳಪು, ಶಿಲಾಬಾಲಿಕೆಯರಿಗೆ ಆ ಒಡವೆ ಎಲ್ಲಿಂದ ಬರಬೇಕಿತ್ತು? ಹಂಪೆಗೆ ಹೋದರೆ ಗ್ರಾನೈಟ್, ಕೆತ್ತನೆ ಕಡಿಮೆ, ಗಾತ್ರ ಹೆಚ್ಚು. ರಾಜವಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ಈ ಮೂರು ಕಲ್ಲುಗಳನ್ನು ಗುರುತು ಹಿಡಿಯಲು ಕಲಿಯಿರಿ.

ಇನ್ನು ಇತಿಹಾಸ ಆರಿಸಿಕೊಳ್ಳುವವರಿಗೆ ನೇರವಾಗಿ ಒಂದು ಮಾತು. ಗೈಡ್ ಓದಿ ಬಿ.ಎ. ಮುಗಿಸಿದರೆ ಆ ಪದವಿಯಿಂದ ನಿಮಗೆ ಏನೂ ದಕ್ಕುವುದಿಲ್ಲ. ಇದನ್ನು ಮೃದುವಾಗಿ ಹೇಳಲು ನನಗೆ ಬಾರದು. ನಮ್ಮ ಹೊನ್ನಾಳಿ ಚನ್ನಗಿರಿಗಳು 1997ರ ಆಗಸ್ಟ್ 15ರವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹಾಗಾಗಿ ನಮ್ಮ ಊರುಗಳ ಶಾಸನಗಳು ಇರುವುದು ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, ಶಿವಮೊಗ್ಗ ಮತ್ತು ಶಿಕಾರಿಪುರ ತಾಲ್ಲೂಕುಗಳ ಜೊತೆಗೆ. 1902ರ ಪುಸ್ತಕ. ಕಾಲೇಜಿಗೆ ಸೇರಿದ ಮೊದಲ ವರ್ಷವೇ ಆ ಸಂಪುಟವನ್ನು ಹುಡುಕಿ ತೆಗೆಯಿರಿ. ಅಂತರ್ಜಾಲದಲ್ಲೂ ಓದಲು ಸಿಗುತ್ತದೆ. ನಿಮ್ಮೂರಿನ, ಪಕ್ಕದೂರಿನ ಹೆಸರು ನೋಡಿ. ಯಾವ ಗುಡಿಯ ಮುಂದಿನ ಕಲ್ಲು, ಯಾರ ಹೊಲದ ಕಲ್ಲು ಎಂದು ಬರೆದಿರುತ್ತದೆ. ಹೋಗಿ ನೋಡಿ, ಆ ಕಲ್ಲು ಈಗಲೂ ಅಲ್ಲಿದೆಯೇ? ಹತ್ತಿರದ ಬೆಳಗುತ್ತಿಯಲ್ಲಿ ಸಿಂದರು ಆಳಿದರು. ತುಂಗೆ ಭದ್ರೆ ಕೂಡುವ ಕೂಡ್ಲಿಯಲ್ಲಿ ಹಳೆಯ ಗುಡಿಗಳಿವೆ. ಸಂತೇಬೆನ್ನೂರಿನ ಪುಷ್ಕರಿಣಿ ಪಾಳೆಯಗಾರರ ಕಾಲದ್ದು. ಶಿಕಾರಿಪುರದ ತಾಳಗುಂದದ ಸ್ತಂಭಶಾಸನ ಕದಂಬ ಮಯೂರಶರ್ಮನ ಕತೆಯನ್ನು ಹೇಳುತ್ತದೆ. ಬೆಳಗ್ಗೆ ಹೊರಟರೆ ಸಂಜೆಗೆ ಮನೆ ಸೇರುವ ದೂರದಲ್ಲಿ ಇದೆಲ್ಲ ಇದೆ.

ಹಳಗನ್ನಡ ಕಲಿಯಿರಿ, ಹಳೆಯ ಲಿಪಿ ಕಲಿಯಿರಿ. ಕಷ್ಟವೆಂದು ಹೆದರುವುದು ಬೇಡ. ಹನ್ನೆರಡನೆಯ ಶತಮಾನದ ಕನ್ನಡ ಅಕ್ಷರಕ್ಕೆ ಕಣ್ಣು ಹೊಂದಿಕೊಳ್ಳಲು ಕೆಲವು ತಿಂಗಳ ಸಾಧನೆ ಸಾಕು. ಒದ್ದೆ ಕಾಗದ ಹೊದಿಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ತಿಳಿದವರ ಪಕ್ಕ ನಿಂತು ಕಲಿಯಿರಿ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು ಓದಿ. ಶಾಸನದಿಂದ ಅರಸರ ವಂಶಾವಳಿ ಮಾತ್ರವಲ್ಲ, ತುರು ಕಾಯಲು ಹೋಗಿ ಸತ್ತವನ, ಕೆರೆ ಕಟ್ಟಿಸಿದವಳ ಬದುಕನ್ನೂ ಹೇಗೆ ತೆಗೆಯಬಹುದೆಂದು ಆ ಪುಸ್ತಕ ಕಲಿಸುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ಕೆಲಸಗಾರರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದಲು ಬರುವಂತೆ ಮಾಡುತ್ತಿದ್ದಾರೆ. ನಮ್ಮ ಕಡೆ ಆ ಕೆಲಸಕ್ಕೆ ಮಕ್ಕಳು ಬೇಕು. ಇಲ್ಲಿ ನಿಧಿಯಾಸೆಗೆ ವೀರಗಲ್ಲುಗಳನ್ನು ಕಿತ್ತು ಒಡೆಯುತ್ತಾರೆ. ರಸ್ತೆ ಅಗಲಿಸುವಾಗ ಮಾಸ್ತಿಗಲ್ಲು ಮಣ್ಣಡಿ ಹೋಗುತ್ತದೆ. ಭಕ್ತಿಯಿಂದಲೇ ಶಾಸನಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ. ಓದು ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಊರಲ್ಲಿದ್ದರೆ ಇದರಲ್ಲಿ ಅರ್ಧ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಭೂವಿಜ್ಞಾನದ ಕಡೆ ಒಲವಿದ್ದವರಿಗೆ ಹೇಳಬೇಕಾದದ್ದು ಬೇರೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಜಿಯಾಲಜಿ ಓದಿರಬೇಕೆಂದೇನೂ ಇಲ್ಲ. ಬಿ.ಎಸ್ಸಿ.ಯಲ್ಲಿ ಈ ವಿಷಯ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಯಾವ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಎಂದು ವಿಚಾರಿಸಿಕೊಳ್ಳಿ. ಮೇಷ್ಟ್ರು ಇದ್ದಾರೆಯೇ, ಶಿಲೆ ಮತ್ತು ಖನಿಜಗಳ ಮಾದರಿ, ಸೂಕ್ಷ್ಮದರ್ಶಕ ಇರುವ ಲ್ಯಾಬ್ ಇದೆಯೇ, ವರ್ಷಕ್ಕೊಮ್ಮೆಯಾದರೂ ಫೀಲ್ಡಿಗೆ ಕರೆದೊಯ್ಯುತ್ತಾರೆಯೇ ಎಂದು ಸೀನಿಯರ್‌ಗಳನ್ನು ಕೇಳಿ. ಇಲ್ಲವೆಂದರೆ ಇನ್ನೂ ಸ್ವಲ್ಪ ದೂರದ ಕಾಲೇಜಾದರೂ ಸರಿ, ಹಾಸ್ಟೆಲಿನಲ್ಲಿದ್ದು ಓದಿ.

ನಮ್ಮ ನೆಲದಲ್ಲಿ ನಿಮಗೆ ನೋಡಲು ಏನಿದೆ? ನಾವಿರುವುದು ಶಿವಮೊಗ್ಗ ಶಿಲಾಪಟ್ಟಿಯ ಮೇಲೆ. ಹೊನ್ನಾಳಿಯ ಸುತ್ತ ಹಳೆಯ ನೈಸ್ ಶಿಲೆ ಗುಮ್ಮಟದಂತೆ ಮೇಲೆದ್ದು ನಿಂತಿದೆ. ಕುದರೆಕೊಂಡ, ಪಲವನಹಳ್ಳಿ ಕಡೆ ಚಿನ್ನಕ್ಕಾಗಿ ತೋಡಿದ ಹಳೆಯ ಗುಂಡಿಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕುಂಸಿಯ ಕಡೆ ಹೋದರೆ ಮ್ಯಾಂಗನೀಸ್. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಶಿಲೆ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಣಿದು ಆದದ್ದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಈಗ ಬಯಲುಸೀಮೆಯಾಗಿ ಒಣಗಿರುವ ಜಾಗ ಒಂದು ಕಾಲಕ್ಕೆ ನೀರಿನ ತಳವಾಗಿತ್ತು ಎಂದು ಆ ಕಲ್ಲೇ ಸಾಕ್ಷಿ ಹೇಳುತ್ತದೆ.

ನೀರಿನ ಸಂಗತಿಯನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಅಡಿಕೆ ತೋಟಗಳು ಬೆಳೆದಂತೆ ಬೋರ್‌ವೆಲ್‌ಗಳೂ ಬೆಳೆದವು. ನಮ್ಮದು ಗಟ್ಟಿ ಶಿಲೆಯ ನೆಲ. ಇಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಕಲ್ಲಿನ ಪದರದಲ್ಲಿ ಮತ್ತು ಅದರಡಿಯ ಬಿರುಕುಗಳಲ್ಲಿ ಮಾತ್ರ. ನೆಲದಡಿ ಹೊಳೆ ಹರಿಯುತ್ತಿದೆ ಎಂದು ನಂಬಿ ಆಳಕ್ಕೆ ಕೊರೆಸುತ್ತಾ ಹೋದವರು ಸಾಲ ಮಾಡಿಕೊಂಡದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅಂಗೈ ಮೇಲಿನ ತೆಂಗಿನಕಾಯಿ ನಿಂತ ಕಡೆ ಕೊರೆಸುತ್ತಾರೆ. ಬಿರುಕು ಯಾವ ದಿಕ್ಕಿಗೆ ಓಡಿದೆ, ಮಳೆನೀರು ಎಲ್ಲಿ ಇಂಗುತ್ತದೆ, ಪಕ್ಕದ ಬೋರಿನ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಜಗಳೂರಿನ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು ಜನ ಹಲ್ಲು, ಮೂಳೆಯ ತೊಂದರೆ ಅನುಭವಿಸಿದ್ದಾರೆ. ಅದು ಬರುವುದೂ ಶಿಲೆಯಲ್ಲಿರುವ ಖನಿಜದಿಂದಲೇ. ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ಕೆರೆಗಳಿಗೆ ತುಂಬಿಸುವ ಕಾಲ ಇದು. ತುಂಬಿದ ಕೆರೆಯ ನೀರು ಎಷ್ಟು ಇಂಗಿತು, ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕಿ ಹೇಳುವ ನಮ್ಮೂರಿನದೇ ಮಕ್ಕಳು ಬೇಕಲ್ಲವೇ?

ಹೆಣ್ಣುಮಕ್ಕಳಿಗೆ ಈ ಓದು ಒಗ್ಗದು, ಗುಡ್ಡ ಹತ್ತಬೇಕು, ಗಣಿಗೆ ಇಳಿಯಬೇಕು ಎಂದು ಮನೆಯಲ್ಲಿ ತಡೆಯುವವರಿದ್ದಾರೆ. ಆ ಮಾತಿಗೆ ಈಗ ಆಧಾರವಿಲ್ಲ. ಭೂಗತ ಗಣಿಗಳಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡಬಾರದೆಂಬ ಹಳೆಯ ನಿರ್ಬಂಧವನ್ನು ಕೇಂದ್ರ ಸರ್ಕಾರ 2019ರಲ್ಲೇ ಸಡಿಲಿಸಿದೆ. ನಮ್ಮ ಹೆಣ್ಣುಮಕ್ಕಳು ಬಿಸಿಲಲ್ಲಿ ಬಗ್ಗಿ ಭತ್ತದ ನಾಟಿ ಮಾಡುತ್ತಾರೆ. ಸುತ್ತಿಗೆ, ದಿಕ್ಸೂಚಿ, ನಕ್ಷೆ ಹಿಡಿದು ಗುಡ್ಡ ಹತ್ತುವುದು ಅದಕ್ಕಿಂತ ಹೆಚ್ಚೇನಲ್ಲ. ಅಪ್ಪ ಅಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಈ ಕಾರಣಕ್ಕೆ ಮಗಳನ್ನು ತಡೆಯಬೇಡಿ.

ನೌಕರಿಯ ಮಾತಿಗೆ ಬರೋಣ. ಅದನ್ನು ಕೇಳುವುದರಲ್ಲಿ ತಪ್ಪಿಲ್ಲ. ಸಾಲ ತೀರಿಸಬೇಕಾದ ಮನೆಗಳಿಂದ ಬಂದವರು ನೀವು. ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಒಂದಕ್ಕೇ ದೊಡ್ಡ ಹುದ್ದೆ ಸಿಗುವುದಿಲ್ಲ, ಎಂ.ಎಸ್ಸಿ. ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗ ಇದೆ. ಐಐಟಿಗಳ ಎಂ.ಎಸ್ಸಿ.ಗೆ ನಡೆಯುವ ಜ್ಯಾಮ್ ಪರೀಕ್ಷೆಯಲ್ಲಿ ಜಿಯಾಲಜಿಗೆ ಪ್ರತ್ಯೇಕ ಪತ್ರಿಕೆ ಇದೆ. ಹಳ್ಳಿಯ ಮಕ್ಕಳು ಅದನ್ನು ಬರೆಯುವುದೇ ಇಲ್ಲ, ಬರೆಯಿರಿ. ಆಮೇಲೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಇದೆ. ಅದರಲ್ಲಿ ತೇರ್ಗಡೆಯಾದವರು ಭೂವೈಜ್ಞಾನಿಕ ಸರ್ವೇಕ್ಷಣೆಗೆ, ಕೇಂದ್ರೀಯ ಅಂತರ್ಜಲ ಮಂಡಳಿಗೆ ಸೇರುತ್ತಾರೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ಹಟ್ಟಿಯ ಚಿನ್ನದ ಗಣಿ ಇವೆ. ಸ್ಪರ್ಧಿಗಳ ಸಂಖ್ಯೆ ಬೇರೆ ಪರೀಕ್ಷೆಗಳಿಗಿಂತ ಕಡಿಮೆ, ಹುದ್ದೆಗಳೂ ಕಡಿಮೆ.

ಇತಿಹಾಸದವರಿಗೆ ಬಿ.ಇಡಿ. ಮಾಡಿ ಶಿಕ್ಷಕರಾಗುವುದು, ಎಂ.ಎ. ಮಾಡಿ ಕೆ-ಸೆಟ್ ಬರೆದು ಉಪನ್ಯಾಸಕರಾಗುವುದು, ಕೆಎಎಸ್ ಬರೆಯುವುದು, ಇವು ಎಲ್ಲರಿಗೂ ಗೊತ್ತಿರುವ ದಾರಿಗಳು. ಪುರಾತತ್ತ್ವ, ವಸ್ತುಸಂಗ್ರಹಾಲಯ, ಶಾಸನ, ದಾಖಲೆಗಳ ಕೆಲಸ ಎಂಬ ದಾರಿಯೂ ಇದೆ. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದೇ ನಮ್ಮ ಮೈಸೂರಿನಲ್ಲಿ. ಶಾಸನ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆಂದು ಆ ಕ್ಷೇತ್ರದ ಹಿರಿಯರು ಮತ್ತೆ ಮತ್ತೆ ಹೇಳುತ್ತಾರೆ.

ಪದವಿಯ ನಿಯಮಗಳು ಬದಲಾಗುತ್ತಲೇ ಇರುತ್ತವೆ. 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷ ಎಂದಾಯಿತು. ಭೂವಿಜ್ಞಾನ ಮತ್ತು ಇತಿಹಾಸವನ್ನು ಜೋಡಿಸಿ ಓದಲು ನಿಮ್ಮ ಕಾಲೇಜು ಬಿಡದಿರಬಹುದು. ಅದಕ್ಕೆ ಕೈಕಟ್ಟಿ ಕೂರುವುದು ಬೇಡ. ಇತಿಹಾಸದ ವಿದ್ಯಾರ್ಥಿ ರಜೆಯಲ್ಲಿ ಹತ್ತು ಬಗೆಯ ಕಲ್ಲುಗಳನ್ನು ಗುರುತಿಸಲು ಕಲಿಯಲಿ. ಭೂವೈಜ್ಞಾನಿಕ ಸರ್ವೇಕ್ಷಣೆಯ 'ಭೂಕೋಶ್' ಜಾಲತಾಣದಲ್ಲಿ ನಮ್ಮ ತಾಲ್ಲೂಕಿನ ಶಿಲಾನಕ್ಷೆ ಇದೆ, ತೆರೆದು ನೋಡಲಿ. ಭೂವಿಜ್ಞಾನದ ವಿದ್ಯಾರ್ಥಿ ಆ ಏಳನೆಯ ಸಂಪುಟದಿಂದ ಒಂದು ಶಾಸನವನ್ನಾದರೂ ಓದಲಿ. ಇಬ್ಬರು ಗೆಳೆಯರು ಬೇರೆ ಬೇರೆ ವಿಷಯ ಆರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು, ಜೊತೆಯಾಗಿ ತಿರುಗಿ. ಕರ್ನಾಟಕದ ಭೂವಿಜ್ಞಾನಕ್ಕೆ ಜೀವನವನ್ನೇ ಕೊಟ್ಟ ಬಿ.ಪಿ. ರಾಧಾಕೃಷ್ಣ ಅವರು ಇಂಗ್ಲಿಷಿನಲ್ಲಿ ಸಂಶೋಧನೆ ಬರೆದರೂ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. ನೀವೂ ಕಂಡದ್ದನ್ನು ಕನ್ನಡದಲ್ಲಿ ಬರೆದಿಡಿ, ಊರವರು ಓದುವಂತೆ.

ಈ ಬಾರಿ ಅರ್ಜಿ ತುಂಬುವ ಮೊದಲು ಒಂದು ಭಾನುವಾರ ಸೂಳೆಕೆರೆಯ ಏರಿಗೆ, ಇನ್ನೊಂದು ಭಾನುವಾರ ಬೆಳಗುತ್ತಿಗೋ ಕೂಡ್ಲಿಗೋ ಹೋಗಿ ಬನ್ನಿ. ಕಲ್ಲಿನ ಮುಂದೆ ನಿಂತಾಗ ಇನ್ನೂ ತಿಳಿಯಬೇಕೆನ್ನಿಸಿದರೆ ಧೈರ್ಯವಾಗಿ ಸೇರಿಕೊಳ್ಳಿ, ಊರವರ ಮಾತಿಗೆ ಹಿಂಜರಿಯಬೇಡಿ. ಅನ್ನಿಸದಿದ್ದರೆ ಆ ಸೀಟನ್ನು ಬೇಕಾದವರಿಗೆ ಬಿಟ್ಟುಕೊಡಿ, ನಿಮ್ಮ ಮನಸ್ಸು ಎಳೆಯುವ ಬೇರೆ ವಿದ್ಯೆ ಹುಡುಕಿಕೊಳ್ಳಿ.